ಅಭಯ ನೀಡುವ ಎಳೆಯ ಕೈ

ಬನಶಂಕರಿಯ ದರ್ಶನ ಮುಗಿಸಿ ಬಾದಾಮಿಗೆ ಬರುವ ಭಕ್ತರು ದಣಿವೆನಿಸಿದರೂ ನಾಲ್ಕನೆಯ ಗುಹಾಲಯದವರೆಗೆ ಮೆಟ್ಟಿಲೇರಬೇಕು. ಆ ಜಿನಾಲಯದ ಮೊಗಸಾಲೆಯ ಒಂದು ತುದಿಯಲ್ಲಿ ಬಾಹುಬಲಿ, ಇನ್ನೊಂದು ತುದಿಯಲ್ಲಿ ಸರ್ಪದ ಹೆಡೆಯ ನೆರಳಿನಲ್ಲಿ ನಿಂತ ಪಾರ್ಶ್ವನಾಥರು. ರಾಜಕುಮಾರರಾಗಿದ್ದಾಗ ಅವರು ತಪಸ್ವಿಯೊಬ್ಬನ ಸೌದೆಯೊಳಗೆ ಸಿಲುಕಿದ್ದ ಎರಡು ಸರ್ಪಗಳಿಗಾಗಿ ಮರುಗಿದರು. ಅವುಗಳ ಪ್ರಾಣ ಉಳಿಯಲಿಲ್ಲ. ಆದರೆ ಆ ಕರುಣೆಯಿಂದ ಶಾಂತವಾಗಿ ದೇಹ ಬಿಟ್ಟು ಧರಣೇಂದ್ರ-ಪದ್ಮಾವತಿಯರಾಗಿ ಹುಟ್ಟಿದವು. ಮುಂದೆ ಕಮಠನ ಜೀವವು ಧ್ಯಾನಸ್ಥರಾದ ಪಾರ್ಶ್ವರ ಮೇಲೆ ಬಿರುಮಳೆ ಸುರಿಸಿದಾಗ ಹೆಡೆಯೆತ್ತಿ ಕಾದವನು ಅದೇ ಧರಣೇಂದ್ರ.

ಮರುಗಿದವನಿಗೆ ಮರುಕ ಪಡೆದ ಜೀವಿಯೇ ಆಸರೆಯಾಗುವ ಈ ಕ್ರಮವನ್ನು ನಮ್ಮ ಕಾಲದಲ್ಲಿಯೂ ಕಾಣಬಹುದು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬ್ರೂಸ್ಟರ್‌ನಲ್ಲಿ 1947ರಲ್ಲಿ ಆರಂಭವಾದ ಗ್ರೀನ್ ಚಿಮ್ನೀಸ್ ಎಂಬ ಸಂಸ್ಥೆ, ಮನಸ್ಸಿಗೆ ಪೆಟ್ಟುಬಿದ್ದ, ನಡವಳಿಕೆ ಹದತಪ್ಪಿದ ಮಕ್ಕಳನ್ನು ಓದಿಸುತ್ತದೆ. ಅಲ್ಲಿ ಗಾಯಗೊಂಡ ಗೂಬೆ, ಗಿಡುಗಗಳ ಆರೈಕೆಯೂ ನಡೆಯುತ್ತದೆ. ಬಲ್ಲವರ ಜೊತೆ ಮಕ್ಕಳೂ ಕೈಜೋಡಿಸುತ್ತಾರೆ. ರೆಕ್ಕೆ ಮುರಿದ ಹಕ್ಕಿಯೆದುರು ಕೂಗಾಡಿದರೆ ಅದು ಬೆದರುತ್ತದೆ. ಆದ್ದರಿಂದ ಮಗು ದನಿ ತಗ್ಗಿಸುತ್ತದೆ, ಕೈಯ ಬಿರುಸು ಬಿಡುತ್ತದೆ. ನಮ್ಮ ಆಚಾರ್ಯರು ವಚನಗುಪ್ತಿ, ಕಾಯಗುಪ್ತಿ ಎಂದು ಕರೆದ ಸಂಯಮವನ್ನು ಯಾವ ಉಪದೇಶವೂ ಇಲ್ಲದೆ ಗೂಬೆಯೊಂದು ಕಲಿಸುತ್ತಿದೆ! ಇಷ್ಟು ದಿನ ಪೆಟ್ಟು ತಿಂದದ್ದೇ ತನ್ನ ಗುರುತೆಂದು ತಿಳಿದಿದ್ದ ಮಗುವಿಗೆ, ತಾನೂ ಅಭಯ ಕೊಡಬಲ್ಲೆನೆಂಬುದು ಹೊಸ ಅರಿವು.

ಹಾಗೆಂದು ಕಾಡುಪ್ರಾಣಿಯನ್ನು ಮನೆಗೆ ತಂದು ಕಟ್ಟಿಹಾಕುವುದು ದಯೆಯಲ್ಲ. ಗುಹೆಯ ಮೆಟ್ಟಿಲಲ್ಲಿ ಮಂಗಗಳಿಗೆ ತಿಂಡಿ ಎಸೆಯುವುದೂ ಅಲ್ಲ. ಅಹಿಂಸಾಣುವ್ರತದ ಅತಿಚಾರಗಳು ಐದು: ಕಟ್ಟುವುದು, ಹೊಡೆಯುವುದು, ಅಂಗ ಛೇದಿಸುವುದು, ಅತಿಭಾರ ಹೊರಿಸುವುದು, ಅನ್ನಪಾನ ತಡೆಯುವುದು. ಮೂಗು ಚುಚ್ಚಿ ಹಗ್ಗ ಹಾಕಿ ಕುಣಿಸುತ್ತಿದ್ದ ಕರಡಿಗಳ ಪಾಡನ್ನು ನೆನೆದರೆ ಈ ಪಟ್ಟಿ ಕಣ್ಣೆದುರು ನಿಲ್ಲುತ್ತದೆ. ದೇಶದ ಕೊನೆಯ ಕುಣಿಸುವ ಕರಡಿಯೆಂದು ಗುರುತಿಸಲಾದ ರಾಜು 2009ರಲ್ಲಿ ಬನ್ನೇರುಘಟ್ಟದ ರಕ್ಷಣಾ ಕೇಂದ್ರ ಸೇರಿತು. ಕರಡಿ ಕುಣಿಸುತ್ತಿದ್ದ ಕಲಂದರ್ ಕುಟುಂಬಗಳಿಗೆ ಬೇರೆ ಕಸುಬನ್ನೂ ಮಕ್ಕಳಿಗೆ ಶಾಲೆಯನ್ನೂ ಒದಗಿಸುವ ಕೆಲಸ ಜೊತೆಜೊತೆಗೇ ನಡೆಯಿತು. ಹಗ್ಗ ಹಿಡಿಯಬೇಕಿದ್ದ ಎಳೆಯ ಕೈಗಳಿಗೆ ಪುಸ್ತಕ ಬಂತು.

ಬ್ರೂಸ್ಟರ್‌ನಲ್ಲಿ ಗುಣವಾದ ಹಕ್ಕಿಯನ್ನು ಇಟ್ಟುಕೊಳ್ಳುವುದಿಲ್ಲ, ಬಾನಿಗೆ ಬಿಡುತ್ತಾರೆ. ತಾನು ಆರೈಕೆ ಮಾಡಿದ ಜೀವ ತನ್ನದಲ್ಲವೆಂದು ಮಗು ಅಲ್ಲಿ ತಲೆಯೆತ್ತಿ ನೋಡುತ್ತ ನಿಲ್ಲುತ್ತದೆ.