ಅಂಗಳದ ಹೂವು, ಅಂಗಳದ ಕನ್ನಡ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡರು. ಶಾಲೆಯ ಇತಿಹಾಸವನ್ನು ಬರೆಯುವವರು ಬೇರೆ ಇದ್ದಾರೆ. ಆದುದರಿಂದ ಮಗು ಶಾಲೆಯ ಮೆಟ್ಟಲನ್ನು ಏರುವುದಕ್ಕೆ ಮೊದಲೇ ಕಲಿಯಬಹುದಾದ ಒಂದು ವಿದ್ಯೆಯ ಕುರಿತು ನಾಲ್ಕು ಮಾತು ಬರೆಯಬಯಸುತ್ತೇನೆ. ತಂದೆತಾಯಿಗಳು ಎಳೆಯ ಮಕ್ಕಳೊಡನೆ ಅಂಗಳದಲ್ಲಿ ಕುಳಿತು ಹೂವು, ಎಲೆ, ಮಣ್ಣುಗಳಿಂದ ಚಿತ್ರ ಬಿಡಿಸುವ, ಬೊಂಬೆ ಮಾಡುವ ವಿದ್ಯೆಯೇ ಅದು.

ವಯನಾಡಿನಲ್ಲಿ ನೆಲೆಸಿದ ನಮಗೆ ಇದರ ಉತ್ತಮ ನಿದರ್ಶನವು ಕಣ್ಣೆದುರಿಗೇ ಇದೆ. ಓಣಂ ಹಬ್ಬದ ಪೂಕ್ಕಳಂ ಯಾರಿಗೆ ತಿಳಿಯದು? ಚಿಂಗಂ ಮಾಸದ ಅತ್ತಂ, ಎಂದರೆ ಹಸ್ತಾ ನಕ್ಷತ್ರದಿಂದ ತೊಡಗಿ ತಿರುವೋಣದವರೆಗೆ 10 ದಿನ, ಸೆಗಣಿ ಸಾರಿಸಿದ ಅಂಗಳದಲ್ಲಿ ಹೂವಿನ ರಂಗೋಲಿಯು ದಿನದಿಂದ ದಿನಕ್ಕೆ ಹಿರಿದಾಗುತ್ತ ಹೋಗುತ್ತದೆ. ಹಿಂದೆ ಮಕ್ಕಳು ಬೆಳಗಾಗುತ್ತಲೇ ಬುಟ್ಟಿ ಹಿಡಿದು ಬೇಲಿಬದಿ, ಗದ್ದೆಬದುಗಳಲ್ಲಿ ತುಂಬೆ, ಮುಕ್ಕುಟ್ಟಿ, ಕೇಪಳ, ಶಂಖಪುಷ್ಪಗಳನ್ನು ಆಯ್ದು ತರುತ್ತಿದ್ದರು. ಇಂದು ಆ ಹೂವಿನ ಬಹುಭಾಗವು ಪೇಟೆಯಿಂದ ಬರುತ್ತದೆ. ನಮ್ಮ ಗಡಿಯಾಚೆಯ ಗುಂಡ್ಲುಪೇಟೆಯ ರೈತರು ಬೆಳೆದ ಚೆಂಡುಹೂವು ಓಣಂ ಕಾಲಕ್ಕೆ ಕೇರಳಕ್ಕೆ ಬರುವುದನ್ನು ನೀವೆಲ್ಲ ನೋಡಿದ್ದೀರಿ. ಕನ್ನಡ ನಾಡಿನ ರೈತನಿಗೆ ನಾಲ್ಕು ಕಾಸು ದೊರೆಯುವುದು ಸಂತೋಷದ ಸಂಗತಿಯೇ. ಆದರೆ ಹೂವನ್ನು ಕೊಂಡುತಂದಾಗ ಹೂವು ಮಾತ್ರ ಬರುತ್ತದೆ. ಹೂವನ್ನು ಹುಡುಕುತ್ತ ತಾಯಿ ಮಗುವಿಗೆ ಹೇಳುತ್ತಿದ್ದ ಮಾತು ಬರುವುದಿಲ್ಲ.

ಈ ಮಾತಿನ ನಷ್ಟವೇ ನನ್ನನ್ನು ಚಿಂತೆಗೆ ಈಡುಮಾಡಿರುವುದು. ತುಂಬೆಯ ಹೆಸರು ಎರಡು ಭಾಷೆಗಳಲ್ಲಿಯೂ ಹೆಚ್ಚುಕಡಿಮೆ ಒಂದೇ. ಆದರೆ ನಮ್ಮ ಕೇಪಳವು ಮಲೆಯಾಳದಲ್ಲಿ ಚೆತ್ತಿ, ದಾಸವಾಳವು ಚೆಂಬರತ್ತಿ, ನಾಚಿಕೆಮುಳ್ಳು ತೊಟ್ಟಾವಾಡಿ. ನೆರೆಯವರಿಂದ ಮಗು ಮಲೆಯಾಳದ ಹೆಸರನ್ನು ಕಲಿಯುತ್ತದೆ, ಕಲಿಯಲೂ ಬೇಕು. ಕನ್ನಡದ ಹೆಸರನ್ನು ಕಲಿಸುವವರು ಮನೆಯವರಲ್ಲದೆ ಇನ್ನಾರು? ಪಠ್ಯಪುಸ್ತಕದಲ್ಲಿ ನಾಚಿಕೆಮುಳ್ಳು ಎಂಬ ಶಬ್ದವನ್ನು ಓದುವುದು ಬೇರೆ, ಅಪ್ಪನ ಬೆರಳು ಹಿಡಿದು ಅದನ್ನು ಮುಟ್ಟಿ ನಗುತ್ತ ಕಲಿಯುವುದು ಬೇರೆ.

ಕನ್ನಡಿಗರಿಗೆ ಈ ಕಲೆ ಹೊಸತೇನಲ್ಲ. ಉತ್ತರ ಕರ್ನಾಟಕದಲ್ಲಿ ಮಣ್ಣೆತ್ತಿನ ಅಮಾವಾಸ್ಯೆಯಂದು ಮನೆಮಂದಿ ಸೇರಿ ಮಣ್ಣಿನ ಜೋಡಿ ಎತ್ತುಗಳನ್ನು ಮಾಡಿ ಪೂಜಿಸುತ್ತಾರೆ. ಆಷಾಢದ ಮಂಗಳವಾರಗಳಂದು ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಕೂರಿಸುತ್ತಾರೆ. ಪುತ್ತೂರಿನ ಬಾಲವನದಲ್ಲಿ ಡಾ. ಶಿವರಾಮ ಕಾರಂತರು ಮಕ್ಕಳ ಶಿಕ್ಷಣದಲ್ಲಿ ಪ್ರಯೋಗ ನಡೆಸಿದುದನ್ನೂ ಇಲ್ಲಿ ಸ್ಮರಿಸಬೇಕು.

ಬಣ್ಣಗಳಿಗೂ ಅಂಗಡಿಗೆ ಹೋಗಬೇಕಾಗಿಲ್ಲ. ಕೇರಳದ ಕಳಮೆಳುತ್ತು ಎಂಬ ಆರಾಧನಾ ಚಿತ್ರಕಲೆಯಲ್ಲಿ ಅಕ್ಕಿಹಿಟ್ಟು ಬಿಳಿ, ಉಮಿಕರಿ ಕಪ್ಪು, ಅರಸಿನ ಹಳದಿ, ಎಲೆಯ ಪುಡಿ ಹಸುರು. ಅರಸಿನಕ್ಕೆ ಸುಣ್ಣ ಬೆರೆಸಿದರೆ ಕೆಂಪು. ಸುಣ್ಣದ ಕ್ಷಾರಗುಣವು ಅರಸಿನದ ವರ್ಣವನ್ನು ಹೀಗೆ ಬದಲಿಸುತ್ತದೆ. ಶಂಖಪುಷ್ಪದ ನೀಲಿ ನೀರಿಗೆ ನಿಂಬೆರಸ ಹಿಂಡಿದರೆ ಅದು ನೇರಳೆಯಾಗುವುದು. ಪ್ರೌಢಶಾಲೆಯಲ್ಲಿ ಆಮ್ಲ, ಪ್ರತ್ಯಾಮ್ಲಗಳ ಪಾಠ ಬರುವ ಎಷ್ಟೋ ವರ್ಷ ಮೊದಲೇ ಮಗು ಅದನ್ನು ಕಣ್ಣಾರೆ ಕಂಡಿರುತ್ತದೆ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಸುಮಾರು ಮೂವತ್ತೈದು ವರ್ಷಗಳ ಹಿಂದೆ ಶಾಲೆಯೊಂದರ ವಸ್ತುಪ್ರದರ್ಶನಕ್ಕೆ ನಾನು ತೀರ್ಪುಗಾರನಾಗಿದ್ದೆನು. ಎರಡನೆಯ ತರಗತಿಯ ಬಾಲಕಿಯೊಬ್ಬಳು ಹಲಸಿನ ಎಲೆಯ ಎತ್ತುಗಳನ್ನು ಅಡಿಕೆ ಹಾಳೆಯ ಬಂಡಿಗೆ ಕಟ್ಟಿ ತಂದಿದ್ದಳು. ಇದು ನಾಳೆ ಬಾಡಿಹೋಗುವುದಲ್ಲ ಎಂದು ನಾನು ಕೇಳಿದೆ. ನಾಳೆ ಅಮ್ಮನೂ ನಾನೂ ಬೇರೆ ಮಾಡುತ್ತೇವೆ ಎಂದಳು. ನಾನಾದರೋ ಥರ್ಮಾಕೋಲಿನ ಅರಮನೆಯೊಂದಕ್ಕೆ ಪ್ರಥಮ ಬಹುಮಾನ ಕೊಟ್ಟೆನು. ಅದನ್ನು ಮಾಡಿದವರು ಮಗುವಿನ ತಂದೆ. ಆ ಮಗು ಅದನ್ನು ಮುಟ್ಟಿಯೂ ಇರಲಿಲ್ಲ. ಬಾಲಕಿಯ ಉತ್ತರದ ಬೆಲೆ ನನಗೆ ತಿಳಿದುದು ಬಹಳ ತಡವಾಗಿ. ಬಾಡುವುದರಿಂದಲೇ ಅಲ್ಲವೇ ತಾಯಿ ಮಗು ಮರುದಿನ ಮತ್ತೆ ಒಟ್ಟಿಗೆ ಕೂರುವುದು?

ಈ ಅನುಭವದಿಂದ ಕಲಿತ ಕೆಲವು ಸಂಗತಿಗಳನ್ನು ಪಾಲಕರ ಗಮನಕ್ಕೆ ತರುತ್ತೇನೆ. ಚಿತ್ರವು ಮಗುವಿನದಾಗಿರಲಿ, ಹಿರಿಯರ ಕೈ ಸಹಾಯಕ್ಕೆ ಮಾತ್ರ ಇರಲಿ. ಎತ್ತಿಗೆ ಮೂರು ಕಾಲಾದರೆ ತಿದ್ದಲು ಅವಸರಪಡಬಾರದು. ಉದುರಿದ ಹೂವು, ಒಣಗಿದ ಎಲೆಗಳನ್ನೇ ಆದಷ್ಟು ಬಳಸಬೇಕು. ರಕ್ಷಿತಾರಣ್ಯದೊಳಗೆ ಹೋಗಿ ಏನನ್ನೂ ತರಕೂಡದು. ಕಣಗಿಲೆ, ಉಮ್ಮತ್ತಗಳು ವಿಷಕಾರಿ; ಚೇರೆ ಮರದ ಸೊನೆ ತಾಗಿದರೆ ಮೈಯಲ್ಲಿ ಬೊಕ್ಕೆ ಏಳುತ್ತದೆ; ಸುಣ್ಣವನ್ನು ಹಿರಿಯರೇ ಬೆರೆಸಬೇಕು. ಇವುಗಳನ್ನು ಗುರುತಿಸಲು ಕಲಿಸುವುದೂ ಪಾಠದ ಅಂಗವೇ. ಎಲ್ಲಕ್ಕಿಂತ ಮುಖ್ಯವಾಗಿ, ಕೈಗೆ ಬಂದ ಪ್ರತಿಯೊಂದು ವಸ್ತುವಿನ ಹೆಸರನ್ನು ಮನೆಮಾತಿನಲ್ಲಿ ಹೇಳಬೇಕು. ಹೆಸರು ತಿಳಿಯದಿದ್ದರೆ ಅಜ್ಜಿಯನ್ನು ಕೇಳಲು ಮಗುವನ್ನೇ ಕಳುಹಿಸಿರಿ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು 3ರಿಂದ 8 ವರ್ಷದ ಮಕ್ಕಳಿಗೆ ಆಟದ ಮೂಲಕ ಕಲಿಕೆಯನ್ನು ಹೇಳುತ್ತದೆ. ನೀತಿಯನ್ನು ದಿಲ್ಲಿಯಲ್ಲಿ ಬರೆಯಬಹುದು; ಅಂಗಳ ಮಾತ್ರ ನಮ್ಮದೇ. ಈ ಶಾಲೆಯು ಐವತ್ತು ವರ್ಷ ಅಕ್ಷರಗಳನ್ನು ಕಲಿಸಿತು. ಆ ಅಕ್ಷರಗಳಿಗೆ ಅರ್ಥವನ್ನು ತುಂಬಿ ಮಕ್ಕಳನ್ನು ಕಳುಹಿಸಿದವರು ಅಂದಿನ ತಂದೆತಾಯಿಗಳು. ಇಲ್ಲಿ ಕಲಿತು ಇಂದು ತಂದೆತಾಯಿಗಳಾಗಿರುವ ನನ್ನ ಹಳೆಯ ವಿದ್ಯಾರ್ಥಿಗಳೇ, ಬರುವ ಅತ್ತಂ ದಿನದಂದು ಒಂದು ಹಿಡಿ ತುಂಬೆಯನ್ನಾದರೂ ಮಗುವಿನೊಡನೆ ನೀವೇ ಆಯ್ದು ತನ್ನಿರಿ. ಶಾಲೆಯು ಶತಮಾನೋತ್ಸವವನ್ನು ಕಾಣುವಾಗ ಆ ಮಗು ತನ್ನ ಮೊಮ್ಮಗುವಿಗೆ ಅದರ ಹೆಸರನ್ನು ಕನ್ನಡದಲ್ಲಿ ಹೇಳುವಂತಾಗಲಿ ಎಂದು ಹಾರೈಸುತ್ತೇನೆ.