ಹಾಸಿಗೆಯಿಂದ ಎದ್ದು ಕಬ್ಬಿಣ ಹಿಡಿದವರು

ಕಾಯಿಲೆ ಬಿದ್ದವರಿಗೆ ವೈದ್ಯರು ಬರೆದುಕೊಡುತ್ತ ಬಂದ ಅತಿ ಹಳೆಯ ಔಷಧವೆಂದರೆ ಹಾಸಿಗೆ. ಮೂಳೆ ಮುರಿದರೆ ಹಾಸಿಗೆ, ಹೃದಯ ಸೋತರೆ ಹಾಸಿಗೆ, ಕ್ಷಯ ತಗುಲಿದರೆ ತಿಂಗಳುಗಟ್ಟಲೆ ಹಾಸಿಗೆ. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಹೃದಯಾಘಾತವಾದವರು ನಾಲ್ಕರಿಂದ ಆರು ವಾರ ಮಲಗಿದಲ್ಲಿಯೇ ಇರಬೇಕಿತ್ತು. 1952ರಲ್ಲಿ ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಎಂಬ ವೈದ್ಯರು ಇಂಥ ರೋಗಿಗಳನ್ನು ಆರಾಮಕುರ್ಚಿಯಲ್ಲಿ ಕೂರಿಸಿದ್ದೇ ದೊಡ್ಡ ಸಾಹಸವೆನಿಸಿತು. ಆದರೆ ಅದಕ್ಕೂ ಏಳು ವರ್ಷ ಮೊದಲೇ ಅಮೆರಿಕದ ಒಬ್ಬ ಯುವ ಸೇನಾವೈದ್ಯ ತನ್ನ ರೋಗಿಗಳ ಪಾದಕ್ಕೆ ಕಬ್ಬಿಣದ ಬೂಟು ಕಟ್ಟಿ, ಕಾಲು ಎತ್ತುವಂತೆ ಹೇಳಿದ್ದ. ಆತನ ಹೆಸರು ಥಾಮಸ್ ಡಿಲಾರ್ಮ್.

ಹಾಸಿಗೆಯ ರುಚಿ ಡಿಲಾರ್ಮ್‌ಗೆ ಚೆನ್ನಾಗಿ ಗೊತ್ತಿತ್ತು. ಹದಿಹರೆಯದಲ್ಲಿ ಆತನಿಗೆ ರೂಮ್ಯಾಟಿಕ್ ಜ್ವರ ಬಂದಿತ್ತು. ಗಂಟಲು ನೋವಿನಿಂದ ಆರಂಭವಾಗಿ ಕೀಲುಗಳನ್ನು ಕಾಡಿ, ಕೊನೆಗೆ ಹೃದಯದ ಕವಾಟಗಳನ್ನು ಕೆಡಿಸುವ ಈ ರೋಗಕ್ಕೆ ಪೆನಿಸಿಲಿನ್ ಬರುವ ಮೊದಲು ಹೇಳಿಕೊಳ್ಳುವಂಥ ತಡೆ ಇರಲಿಲ್ಲ. ತಿಂಗಳುಗಟ್ಟಲೆ ಮಲಗಿ ಎದ್ದ ಹುಡುಗನಿಗೆ, ಮುಂದೆ ಮೈ ದಣಿಯುವ ಯಾವ ಕೆಲಸವೂ ಸಲ್ಲದು ಎಂಬ ಕಟ್ಟಪ್ಪಣೆಯಾಯಿತು. ಹುಡುಗ ಅದನ್ನು ಕೇಳಲಿಲ್ಲ. ಸ್ವಲ್ಪಸ್ವಲ್ಪವಾಗಿ ಭಾರ ಎತ್ತುತ್ತ ಹೋದ, ಗಟ್ಟಿಯಾದ, ಆಮೇಲೆ ವೈದ್ಯನೂ ಆದ.

ಆ ಕಾಲದಲ್ಲಿ ಭಾರ ಎತ್ತುವುದೆಂದರೆ ಸರ್ಕಸ್ಸಿನವರ ಅಥವಾ ಮೈಕಟ್ಟು ತೋರಿಸುವವರ ಕಸುಬು ಎಂಬ ಭಾವನೆ ವೈದ್ಯರಲ್ಲಿತ್ತು. ಸ್ನಾಯು ಬಿಗಿದುಕೊಳ್ಳುತ್ತದೆ, ಹೃದಯ ಹಿಗ್ಗಿ ಕೆಡುತ್ತದೆ ಎಂದೆಲ್ಲ ಅವರು ಎಚ್ಚರಿಸುತ್ತಿದ್ದರು. ಅಂಗಸಾಧನೆಯವರು ಇದನ್ನು ಒಪ್ಪುತ್ತಿರಲಿಲ್ಲವೆನ್ನಿ. ಅದೇ 1930ರ ದಶಕದಲ್ಲಿ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಕೆ.ವಿ. ಅಯ್ಯರ್ ಅಂಚೆಯ ಮೂಲಕವೂ ಅಂಗಸಾಧನೆಯ ಪಾಠ ಹೇಳುತ್ತಿದ್ದರು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳಿಂದ ಕನ್ನಡಿಗರಿಗೆ ಪರಿಚಿತರಾದ ಅಯ್ಯರ್ ಇವರೇ. ಆದರೆ ವ್ಯಾಯಾಮಶಾಲೆಯ ನಂಬಿಕೆ ಆಸ್ಪತ್ರೆಯ ಬಾಗಿಲು ದಾಟಬೇಕಾದರೆ ಅಂಕಿ ಸಂಖ್ಯೆ ಬೇಕಿತ್ತು. ಅದನ್ನು ಒದಗಿಸಿದ್ದು ಯುದ್ಧ.

ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ ಅಮೆರಿಕದ ಸೇನಾ ಆಸ್ಪತ್ರೆಗಳು ಕೈಕಾಲಿಗೆ ಪೆಟ್ಟಾದ ಸೈನಿಕರಿಂದ ತುಂಬಿಹೋಗಿದ್ದವು. ಶಿಕಾಗೋದ ಗಾರ್ಡಿನರ್ ಜನರಲ್ ಆಸ್ಪತ್ರೆಯಲ್ಲಿದ್ದ ಡಿಲಾರ್ಮ್ ಕಂಡದ್ದು ಒಂದೇ ನೋಟ. ಶಸ್ತ್ರಚಿಕಿತ್ಸೆ ಯಶಸ್ವಿಯಾಗಿದೆ, ಮೂಳೆ ಕೂಡಿದೆ, ಆದರೆ ತೊಡೆ ಕಡ್ಡಿಯಂತಾಗಿ ಸೈನಿಕ ಮಂಚ ಬಿಟ್ಟು ಏಳಲಾರ. ಅಂದಿನ ಪದ್ಧತಿಯಂತೆ ಅವನಿಗೆ ಹಗುರವಾದ ಚಲನೆಯನ್ನೇ ನೂರಾರು ಸಲ ಮಾಡಿಸುತ್ತಿದ್ದರು. ಡಿಲಾರ್ಮ್ ಅದನ್ನು ತಿರುಗಿಸಿದ. ಭಾರ ಹೆಚ್ಚಿರಲಿ, ಸಲ ಕಡಿಮೆಯಿರಲಿ ಎಂದ. ಹಗುರ ಕೆಲಸ ಎಷ್ಟು ಸಲ ಮಾಡಿದರೂ ಬರುವುದು ತಾಳಿಕೆ. ಬಲ ಬರಬೇಕಾದರೆ ಸ್ನಾಯುವಿಗೆ ಭಾರವೇ ಬೇಕು ಎಂಬುದು ಆತನ ವಾದ. 1945ರಲ್ಲಿ ಮೂಳೆ ಶಸ್ತ್ರಚಿಕಿತ್ಸೆಯ ಪತ್ರಿಕೆಯೊಂದರಲ್ಲಿ ಆ ಅನುಭವವನ್ನು ಪ್ರಕಟಿಸಿದ.

ಆತನ ಸೂತ್ರ ಸರಳವಾದದ್ದು. ರೋಗಿ ಸರಿಯಾಗಿ ಹತ್ತು ಸಲ ಎತ್ತಬಲ್ಲ, ಹನ್ನೊಂದನೆಯ ಸಲ ಎತ್ತಲಾರ ಎಂಬ ಭಾರ ಯಾವುದೆಂದು ಮೊದಲು ಕಂಡುಹಿಡಿಯಬೇಕು. ಅದು ಹತ್ತು ಕಿಲೋ ಎಂದಿಟ್ಟುಕೊಳ್ಳಿ. ಆಗ ಮೊದಲು ಐದು ಕಿಲೋ ಹತ್ತು ಸಲ, ಅನಂತರ ಏಳೂವರೆ ಕಿಲೋ ಹತ್ತು ಸಲ, ಕೊನೆಗೆ ಹತ್ತು ಕಿಲೋ ಹತ್ತು ಸಲ. ವಾರಕ್ಕೊಮ್ಮೆ ಮತ್ತೆ ಪರೀಕ್ಷೆ. ಶಕ್ತಿ ಏರಿದ್ದರೆ ಭಾರವೂ ಏರಬೇಕು. ಮೊದಮೊದಲು ಆತ ಎಪ್ಪತ್ತರಿಂದ ನೂರು ಸಲ ಎತ್ತಿಸುತ್ತಿದ್ದ. ಅಷ್ಟು ಬೇಕಿಲ್ಲವೆಂದು 1948ರ ವೇಳೆಗೆ ಮೂವತ್ತಕ್ಕೆ ಇಳಿಸಿದ. ಹೆಸರೂ ಬದಲಾಯಿತು. 'ಭಾರೀ ಪ್ರತಿರೋಧದ ವ್ಯಾಯಾಮ' ಎಂದಿದ್ದುದು 'ಕ್ರಮವಾಗಿ ಏರುವ ಪ್ರತಿರೋಧದ ವ್ಯಾಯಾಮ'ವಾಯಿತು. 1951ರಲ್ಲಿ ಆರ್ಥರ್ ವಾಟ್ಕಿನ್ಸ್ ಎಂಬ ವೈದ್ಯನ ಜೊತೆಗೂಡಿ ಬರೆದ ಪುಸ್ತಕಕ್ಕೂ ಇದೇ ಹೆಸರು. ಪೋಲಿಯೊದಿಂದ ಕಾಲು ಸೊರಗಿದವರ ಮೇಲೂ ಈ ಕ್ರಮವನ್ನು ಪ್ರಯೋಗಿಸಿ ನೋಡಿದ್ದರು.

ಇದರಲ್ಲಿ ಹೊಸತೇನು ಎಂದು ಕೇಳಬಹುದು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಸ್ಪರ್ಧೆಗಳು ಇಂದಿಗೂ ಇವೆ. ಗರಡಿಯ ಸಾಮು ಅದಕ್ಕಿಂತಲೂ ವ್ಯವಸ್ಥಿತ. ಆದರೆ ಸಂಗ್ರಾಣಿ ಕಲ್ಲು ಇದ್ದಷ್ಟೇ ಇರುತ್ತದೆ. ಎತ್ತಿದವನು ಗೆದ್ದ, ಎತ್ತದವನು ಸೋತ. ಅದು ಬಲಶಾಲಿಯನ್ನು ಹುಡುಕುವ ಉಪಾಯವೇ ಹೊರತು ಬಲಹೀನನನ್ನು ಮೇಲೆತ್ತುವ ದಾರಿಯಲ್ಲ. ಡಿಲಾರ್ಮ್ ಮಾಡಿದ್ದು ಕಲ್ಲನ್ನು ಮೆಟ್ಟಿಲಾಗಿ ಒಡೆದದ್ದು. ಮಂಚದಲ್ಲಿರುವವನಿಗೂ ಒಂದು ಮೊದಲ ಮೆಟ್ಟಿಲು ಇರುತ್ತದೆ, ಅದು ಅರ್ಧ ಕಿಲೋ ಆದರೂ ಸರಿ.

ಅಳೆದು ಏರಿಸುವ ಈ ವಿಚಾರ ಅದಕ್ಕೂ ಮೊದಲು ಇಂಗ್ಲೆಂಡಿನಲ್ಲಿ ಒಮ್ಮೆ ಕಾಣಿಸಿಕೊಂಡಿತ್ತು. 1905ರಿಂದ ಫ್ರಿಮ್ಲಿಯ ಕ್ಷಯ ಚಿಕಿತ್ಸಾಲಯದಲ್ಲಿ ಮಾರ್ಕಸ್ ಪ್ಯಾಟರ್ಸನ್ ಎಂಬ ವೈದ್ಯ ರೋಗಿಗಳಿಗೆ ಮೊದಲು ನಡಿಗೆ, ಆಮೇಲೆ ಬುಟ್ಟಿಯಲ್ಲಿ ಮಣ್ಣು ಹೊರುವುದು, ಆಮೇಲೆ ಸಣ್ಣ ಸಲಿಕೆ, ದೊಡ್ಡ ಸಲಿಕೆ, ಕೊನೆಗೆ ಗುದ್ದಲಿ ಎಂದು ದರ್ಜೆ ಹಾಕಿಕೊಟ್ಟಿದ್ದ. ಮೈಬಿಸಿ ಏರಿದರೆ ಕೆಲಸ ಬಂದ್. ದುಡಿದು ತಿನ್ನಬೇಕಾದ ಬಡವರು ಚಿಕಿತ್ಸೆ ಮುಗಿಸಿ ಮನೆಗೆ ಹೋದ ಮೇಲೆ ದುಡಿಯಲಾರದೆ ಉಳಿಯುತ್ತಾರೆ ಎಂಬುದು ಆತನ ಕಳವಳವಾಗಿತ್ತು. ಶ್ರಮದಿಂದ ಕ್ಷಯವೇ ವಾಸಿಯಾಗುತ್ತದೆ ಎಂದು ಆತ ಕಟ್ಟಿದ ಸಿದ್ಧಾಂತ ಉಳಿಯಲಿಲ್ಲ. ಕ್ಷಯವನ್ನು ಗೆದ್ದದ್ದು ಔಷಧ. ಆದರೆ ಹಾಸಿಗೆಯೂ ಅದನ್ನು ಗೆದ್ದಿರಲಿಲ್ಲ. ಆ ಔಷಧಗಳನ್ನು ಮನೆಯಲ್ಲೇ ಇದ್ದು ನುಂಗಿದ ಬಡ ರೋಗಿಗಳೂ, ಚಿಕಿತ್ಸಾಲಯದಲ್ಲಿ ವಿಶ್ರಾಂತಿ ಪಡೆದು ಒಳ್ಳೆಯ ಊಟ ಉಂಡವರೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ಗುಣವಾದರೆಂದು 1959ರಲ್ಲಿ ಪ್ರಕಟವಾದ ಮದರಾಸಿನ ಪ್ರಸಿದ್ಧ ಅಧ್ಯಯನ ತೋರಿಸಿಕೊಟ್ಟಿತು.

ಸುಮ್ಮನೆ ಮಲಗುವುದರಿಂದ ಆಗುವ ನಷ್ಟವನ್ನು ಅಳೆದವರು ಟೆಕ್ಸಾಸಿನ ಡಲ್ಲಾಸ್‌ನಲ್ಲಿದ್ದರು. 1966ರಲ್ಲಿ ಅಲ್ಲಿ ಇಪ್ಪತ್ತರ ಹರೆಯದ ಐವರು ಆರೋಗ್ಯವಂತರನ್ನು ಮೂರು ವಾರ ಮಲಗಿಸಿ, ದೇಹ ಆಮ್ಲಜನಕವನ್ನು ಬಳಸುವ ಗರಿಷ್ಠ ಸಾಮರ್ಥ್ಯವನ್ನು ಅಳೆದರು. ಅದು ಕಾಲುಭಾಗಕ್ಕಿಂತ ಹೆಚ್ಚು ಕುಸಿದಿತ್ತು. ಮೂವತ್ತು ವರ್ಷಗಳ ಮೇಲೆ ಅದೇ ಐವರನ್ನು ಹುಡುಕಿ ಮತ್ತೆ ಅಳೆದಾಗ ಕಂಡದ್ದು ಇದು: ಮೂವತ್ತು ವರ್ಷದ ಮುಪ್ಪು ಮಾಡಿದ ಹಾನಿಗಿಂತ ಮೂರು ವಾರದ ಹಾಸಿಗೆ ಮಾಡಿದ ಹಾನಿಯೇ ಹೆಚ್ಚು. ಆರೋಗ್ಯವಂತರ ಪಾಡೇ ಹೀಗಾದರೆ, ಜ್ವರ, ಹಸಿವಿಲ್ಲದಿರುವಿಕೆ, ಸ್ಟೀರಾಯ್ಡ್ ಮಾತ್ರೆಗಳಿಂದ ಮೊದಲೇ ಸ್ನಾಯು ಕರಗಿರುವ ರೋಗಿಯ ಸ್ಥಿತಿ ಏನೆಂದು ಊಹಿಸಬಹುದು. ಕಾಯಿಲೆಯಲ್ಲಿ ದೇಹಕ್ಕೆ ಪ್ರೋಟೀನು ಬೇಕಾದಾಗ ಅದು ಕೈಹಾಕುವುದು ಸ್ನಾಯುವಿಗೆ. ಕಷ್ಟಕಾಲದಲ್ಲಿ ಮನೆಯ ಕಣಜಕ್ಕೆ ಕೈಹಾಕಿದ ಹಾಗೆ.

ಕಳೆದುಕೊಂಡದ್ದು ಮರಳುತ್ತದೆಯೇ? 1990ರಲ್ಲಿ ಬಾಸ್ಟನ್ನಿನ ವೃದ್ಧರ ಶುಶ್ರೂಷಾಲಯವೊಂದರಲ್ಲಿ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು 86ರಿಂದ 96 ವಯಸ್ಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಒಬ್ಬರು ನಡುವೆ ಬಿಟ್ಟರು. ಉಳಿದವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಏರಿತು. ಇಬ್ಬರು ಊರುಗೋಲು ಬಿಟ್ಟರು. ಕುತೂಹಲದ ಸಂಗತಿಯೆಂದರೆ ತೊಡೆಯ ಸ್ನಾಯು ಬೆಳೆದದ್ದು ಶೇ. 9 ಮಾತ್ರ. ಮೊದಲ ವಾರಗಳಲ್ಲಿ ಬರುವ ಬಲದ ಬಹುಪಾಲು ಸ್ನಾಯುವಿನದಲ್ಲ, ನರದ್ದು. ಸುಮ್ಮನೆ ಬಿದ್ದಿದ್ದ ಎಳೆಗಳನ್ನು ಒಟ್ಟಿಗೆ ಕೆಲಸಕ್ಕೆ ಕರೆಯಲು ಮಿದುಳು ಮತ್ತೆ ಕಲಿಯುತ್ತದೆ. ಕನ್ನಡಿಯಲ್ಲಿ ತೋಳು ದಪ್ಪಗಾದದ್ದು ಕಾಣದಿದ್ದರೂ ರೋಗಿ ಕುರ್ಚಿಯಿಂದ ತಾನಾಗಿ ಏಳುವುದು ಇದರಿಂದಲೇ. ಅಭ್ಯಾಸ ನಿಲ್ಲಿಸಿದರೆ ಇಳಿತವೂ ಅಷ್ಟೇ ಬೇಗ: ನಾಲ್ಕು ವಾರದಲ್ಲಿ ಗರಿಷ್ಠ ಬಲದ ಶೇ. 32 ಹೊರಟುಹೋಯಿತು.

ಹಳೆಯ ನಿಷೇಧಗಳಲ್ಲಿ ಹೆಚ್ಚು ಕಾಲ ಬಾಳಿದ್ದು ಸ್ತನ ಕ್ಯಾನ್ಸರಿನದು. ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ದುಗ್ಧರಸ ಗ್ರಂಥಿಗಳನ್ನು ತೆಗೆದರೆ ಆ ಬದಿಯ ತೋಳು ಊದಿಕೊಳ್ಳುವ ಅಪಾಯವಿದೆ. ಆದ್ದರಿಂದ ಆ ಕೈಯಲ್ಲಿ ಜೀವನಪೂರ್ತಿ ಭಾರ ಎತ್ತಬೇಡಿ ಎನ್ನುತ್ತಿದ್ದರು. ಹೇಳುವುದು ಸುಲಭ. ಮಗುವನ್ನು ಎತ್ತದ, ನೀರಿನ ಕೊಡ ಹಿಡಿಯದ, ಚೀಲ ಹೊರದ ಹೆಂಗಸು ಯಾವ ಮನೆಯಲ್ಲಿದ್ದಾಳೆ? ಎತ್ತದೆ ಎತ್ತದೆ ಸೊರಗಿದ ತೋಳು ಒಂದು ದಿನ ಅನಿವಾರ್ಯವಾಗಿ ಎತ್ತಿದಾಗ ಇನ್ನಷ್ಟು ನೋಯುತ್ತಿತ್ತು. ಕ್ಯಾಥರಿನ್ ಶ್ಮಿಟ್ಜ್ ಅವರ ತಂಡ ಅಮೆರಿಕದಲ್ಲಿ ಈಗಾಗಲೇ ತೋಳು ಊದಿದ್ದ 141 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವರ್ಷವಿಡೀ ವಾರಕ್ಕೆರಡು ದಿನ ಭಾರ ಎತ್ತಿಸಿತು. ತೋಳಿಗೆ ಒತ್ತುಪಟ್ಟಿ, ಆರಂಭಕ್ಕೆ ಅತಿ ಹಗುರ ಭಾರ, ತೊಂದರೆ ಕಾಣದಿದ್ದರೆ ಮಾತ್ರ ಒಂದಿಷ್ಟು ಏರಿಕೆ. 2009ರಲ್ಲಿ ಫಲಿತಾಂಶ ಬಂತು. ಊತ ಹೆಚ್ಚಲಿಲ್ಲ. ಬದಲಿಗೆ ಊತ ಉಲ್ಬಣಗೊಂಡವರ ಪ್ರಮಾಣ ಭಾರ ಎತ್ತಿದವರಲ್ಲಿ ಶೇ. 14, ಎತ್ತದವರಲ್ಲಿ ಶೇ. 29. ಹೃದ್ರೋಗಿಗಳ ವಿಷಯದಲ್ಲಿ ಅಮೆರಿಕದ ಹೃದಯ ಸಂಘ 2000ದಲ್ಲಿಯೇ ಮಿತವಾದ ಭಾರದ ವ್ಯಾಯಾಮಕ್ಕೆ ಒಪ್ಪಿಗೆ ಕೊಟ್ಟಿತ್ತು.

ಹಾಗೆಂದು ಎಲ್ಲ ರೋಗಕ್ಕೂ ಕಬ್ಬಿಣವೇ ಮದ್ದು ಎಂದು ಹೊರಡುವುದು ಅವಿವೇಕ. ಡಿಲಾರ್ಮ್‌ಗೆ ಬಂದಿದ್ದ ರೂಮ್ಯಾಟಿಕ್ ಜ್ವರವನ್ನೇ ನೋಡಿ. ಹೃದಯದಲ್ಲಿ ಉರಿಯೂತ ಇರುವಷ್ಟು ದಿನ ಇಂದಿಗೂ ವಿಶ್ರಾಂತಿಯೇ ಸರಿ. ಕವಾಟ ತೀವ್ರವಾಗಿ ಕಿರಿದಾದವರು ಭಾರಕ್ಕೆ ಕೈಹಾಕುವ ಹಾಗಿಲ್ಲ. ಯಾರೇ ಆಗಲಿ, ಉಸಿರು ಬಿಗಿಹಿಡಿದು ಮುಕ್ಕಿರಿದು ಎತ್ತಿದರೆ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಎತ್ತುವಾಗ ಉಸಿರು ಹೊರಗೆ ಬಿಡಿ ಎನ್ನುವುದು ಅದಕ್ಕೇ.

ಇನ್ನೊಂದು ಗುಂಪಿನ ಕಥೆ ಇದಕ್ಕಿಂತ ಕಹಿ. ಮಯಾಲ್ಜಿಕ್ ಎನ್ಸೆಫಲೊಮೈಲೈಟಿಸ್ ಎಂಬ ದೀರ್ಘಕಾಲದ ಆಯಾಸ ರೋಗದಲ್ಲಿ, ಮಿತಿ ಮೀರಿದ ದಿನ ಏನೂ ಅನ್ನಿಸದೆ, ಒಂದೆರಡು ದಿನ ಕಳೆದ ಮೇಲೆ ರೋಗಿ ನೆಲಕಚ್ಚುತ್ತಾನೆ. ಇಂಥವರಿಗೂ ಬ್ರಿಟನ್ನಿನಲ್ಲಿ ವರ್ಷಗಳ ಕಾಲ ಏರುಕ್ರಮದ ವ್ಯಾಯಾಮವನ್ನೇ ಸಲಹೆ ಮಾಡಲಾಗುತ್ತಿತ್ತು. ಇದರಿಂದ ಇನ್ನಷ್ಟು ಕೆಟ್ಟೆವು ಎಂದು ರೋಗಿಗಳು ದೂರುತ್ತಲೇ ಬಂದರು. ಕಡೆಗೆ 2021ರಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಮಾರ್ಗದರ್ಶಿ ಸಂಸ್ಥೆ ಆ ಸಲಹೆಯನ್ನು ಹಿಂತೆಗೆದುಕೊಂಡಿತು. ಕೋವಿಡ್ ನಂತರ ತಿಂಗಳುಗಟ್ಟಲೆ ಸುಸ್ತು ಬಿಡದ ಕೆಲವರಲ್ಲಿಯೂ ಇದೇ ಲಕ್ಷಣ ಕಂಡುಬಂದಿದೆ. ಆದ್ದರಿಂದ ರೋಗಿಯ ಕೈಗೆ ಮೊದಲ ಭಾರ ಕೊಡುವವರು, ಎಷ್ಟು ಎತ್ತಿದಿರಿ ಎಂದು ಅಂದೇ ಕೇಳಿದರೆ ಸಾಲದು. ಎರಡು ದಿನ ಬಿಟ್ಟು ಹೇಗಿದ್ದೀರಿ ಎಂದು ವಿಚಾರಿಸಿ, ಆ ಉತ್ತರ ಬಂದ ಮೇಲೆಯೇ ಮುಂದಿನ ಅರ್ಧ ಕಿಲೋ ಸೇರಿಸಬೇಕಾಗುತ್ತದೆ.