ಕಾರ್ಡು ಉಜ್ಜಿ ಕಾರು ಕೊಂಡರೆ

ಹತ್ತು ಲಕ್ಷ ರೂಪಾಯಿಯ ಕಾರು, ಹತ್ತು ಲಕ್ಷ ಮಿತಿಯ ಕ್ರೆಡಿಟ್ ಕಾರ್ಡು. ಶೋರೂಮಿನವರು ಒಪ್ಪಿದರೆ ಕಾರ್ಡು ಉಜ್ಜಿ ಪಿನ್ ಒತ್ತುವಷ್ಟರಲ್ಲಿ ವ್ಯವಹಾರ ಮುಗಿಯಿತು. ಅಷ್ಟೇ ದುಡ್ಡನ್ನು ರಾಯಚೂರು ಜಿಲ್ಲೆಯ ಅರಕೇರಾದ ಹೊಲದಲ್ಲಿ ಹತ್ತಿ ಬೆಳೆದು ನೋಡಬೇಕೆಂದರೆ ಎಷ್ಟು ನೆಲ ಬೇಕು? ಉದ್ದ ಎಳೆಯ ಹತ್ತಿಗೆ 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 8,110 ರೂಪಾಯಿ. ಹತ್ತು ಲಕ್ಷ ಆಗಲು 123 ಕ್ವಿಂಟಲಿಗೂ ತುಸು ಹೆಚ್ಚು ಮಾರಬೇಕು. ಎಕರೆಗೆ ಎಂಟು ಕ್ವಿಂಟಲ್ ಬಂತೆಂದು ಹಿಡಿದರೂ ಹದಿನೈದು ಎಕರೆಗೂ ಮಿಕ್ಕಿದ ಬೆಳೆ. ಬೀಜ, ಗೊಬ್ಬರ, ಔಷಧಿ, ಬಿಡಿಸುವ ಕೂಲಿ, ರಾಯಚೂರು ಗಂಜ್‌ಗೆ ಒಯ್ಯುವ ಬಾಡಿಗೆ ಇನ್ನೂ ಕಳೆದೇ ಇಲ್ಲ.

ಕಾರ್ಡು ಎಷ್ಟು ಎತ್ತರಕ್ಕೆ ಹೋಗಬಲ್ಲದು ಎಂಬುದಕ್ಕೆ ಶಾಂಘೈನ ಲಿಯು ಯಿಚಿಯಾನ್ ಇದ್ದಾನೆ. ಒಂದು ಕಾಲಕ್ಕೆ ಟ್ಯಾಕ್ಸಿ ಓಡಿಸುತ್ತಿದ್ದ ಈ ಸಿರಿವಂತ 2014ರಲ್ಲಿ ಹರಾಜಿನಲ್ಲಿ ಒಂದು ಹಳೆಯ ಪಿಂಗಾಣಿ ಬಟ್ಟಲು ಕೊಂಡ. ಬೆಲೆ ಸುಮಾರು 3.6 ಕೋಟಿ ಡಾಲರ್, ಆಗಿನ ದರದಲ್ಲಿ 200 ಕೋಟಿ ರೂಪಾಯಿಗೂ ಮೇಲೆ. ತನ್ನ ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡನ್ನು ಇಪ್ಪತ್ತನಾಲ್ಕು ಸಲ ಉಜ್ಜಿ ಅದನ್ನು ತೀರಿಸಿದ. ಒಂದು ಸಲ ಉಜ್ಜಿದ್ದಕ್ಕೆ ಸರಾಸರಿ ಒಂಬತ್ತು ಕೋಟಿ ರೂಪಾಯಿ!

ಅರಕೇರಾದ ರೈತನ ಹತ್ತಿರವೂ ಕ್ರೆಡಿಟ್ ಕಾರ್ಡಿದೆ. ಕಿಸಾನ್ ಕ್ರೆಡಿಟ್ ಕಾರ್ಡ್ ಯೋಜನೆ ಶುರುವಾದದ್ದು 1998ರಲ್ಲಿ. 2024ರ ಡಿಸೆಂಬರ್ ಹೊತ್ತಿಗೆ ದೇಶದ 7.72 ಕೋಟಿ ರೈತರ ಇಂಥ ಖಾತೆಗಳಲ್ಲಿದ್ದ ಮೊತ್ತ ಹತ್ತು ಲಕ್ಷ ಕೋಟಿ ದಾಟಿತ್ತು. ಕೇಳಿದರೆ ಎದೆ ಝಲ್ಲೆನ್ನುತ್ತದೆ. ತಲೆಗೆ ಹಂಚಿದರೆ ಒಂದು ಲಕ್ಷ ಮೂವತ್ತು ಸಾವಿರ. ಸಂಬಳದಾರನ ಮಿತಿಯನ್ನು ಸಂಬಳದ ಚೀಟಿ ಮತ್ತು ಸಿಬಿಲ್ ಅಂಕ ನೋಡಿ ಕೊಡುತ್ತಾರೆ. ರೈತನ ಮಿತಿ ಹುಟ್ಟುವುದು ಪಹಣಿಯಲ್ಲಿ. ಬೆಳೆಗೆ ಎಕರೆವಾರು ನಿಗದಿಯಾದ ಸಾಲದ ಪ್ರಮಾಣವನ್ನು ಎಕರೆಗಳಿಂದ ಗುಣಿಸಿ, ಮನೆಖರ್ಚಿಗೆಂದು ಶೇ 10, ಉಪಕರಣ ದುರಸ್ತಿಗೆಂದು ಶೇ 20 ಸೇರಿಸುತ್ತಾರೆ. ಹೊಲದ ಮೇಲೆ ಕೊಟ್ಟ ಸಾಲ ಪಹಣಿಯ 11ನೇ ಕಾಲಂನಲ್ಲಿ ಬ್ಯಾಂಕಿನ ಹೆಸರಿನೊಡನೆ ಕೂರುತ್ತದೆ. ಹೊಲ ಮಾರಬೇಕೆಂದರೆ, ಅಣ್ಣತಮ್ಮಂದಿರು ಪಾಲಾಗಬೇಕೆಂದರೆ ಮೊದಲು ಕಣ್ಣಿಗೆ ಬೀಳುವುದು ಆ ಸಾಲು. ಹತ್ತು ಲಕ್ಷ ಉಜ್ಜಿದವನ ಸಾಲ ಯಾವ ಹೊಲದ ಮೇಲೂ ಕೂರುವುದಿಲ್ಲ.

ಬಡ್ಡಿಯಲ್ಲಿ ಮಾತ್ರ ಪಾಳಿ ತಿರುಗುತ್ತದೆ. ಕಿಸಾನ್ ಕಾರ್ಡಿನಲ್ಲಿ ಹೊತ್ತಿಗೆ ಸರಿಯಾಗಿ ಕಟ್ಟುವ ರೈತನಿಗೆ ಮೂರು ಲಕ್ಷದವರೆಗೆ ವರ್ಷಕ್ಕೆ ಶೇ 4: ಮೂರು ಲಕ್ಷಕ್ಕೆ ಹನ್ನೆರಡು ಸಾವಿರ. ಕ್ರೆಡಿಟ್ ಕಾರ್ಡಿನಲ್ಲಿ ಬಾಕಿ ಉಳಿಸಿಕೊಂಡರೆ ಅನೇಕ ಬ್ಯಾಂಕುಗಳ ದರ ತಿಂಗಳಿಗೇ ಶೇ 3.5ರ ಆಸುಪಾಸು. ಹತ್ತು ಲಕ್ಷಕ್ಕೆ ತಿಂಗಳಿಗೆ ಮೂವತ್ತೈದು ಸಾವಿರ. ಕರ್ನಾಟಕದಲ್ಲಿ 2025-26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆಗ ಖಾತ್ರಿಯಿದ್ದ ನೂರು ದಿನವೂ ಬುಟ್ಟಿ ಹೊತ್ತಿದ್ದರೆ 37,000. ಒಂದು ಕುಟುಂಬದ ಆ ಇಡೀ ವರ್ಷದ ಖಾತ್ರಿ ಕೂಲಿ ಕಾರ್ಡಿನ ಒಂದು ತಿಂಗಳ ಬಡ್ಡಿಗೆ ಸರಿಹೋಯಿತು. ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಬೇರೆ. ಅದೂ ಸೇರಿದರೆ 41,300. ಅಲ್ಲಿಗೆ ಆ ಖಾತ್ರಿ ಕೂಲಿಯೂ ಸಾಲದು.

ಇದಕ್ಕಿಂತ ಬೆರಗು ಹುಟ್ಟಿಸುವುದು ಬಿಲ್ಲಿನಲ್ಲಿ ಕಾಣುವ 'ಕನಿಷ್ಠ ಮೊತ್ತ'. ಅದನ್ನು ಬಾಕಿಯ ಶೇ 5 ಎಂದು ಹಿಡಿದು, ಇದೇ ದರದಲ್ಲಿ ಲೆಕ್ಕ ಹಾಕಿ ನೋಡಿ. ಮೊದಲ ತಿಂಗಳು ಐವತ್ತೆರಡು ಸಾವಿರ ಕಟ್ಟಿದರೆ ಸಾಲ ಇಳಿಯುವುದು ಹತ್ತೂಮುಕ್ಕಾಲು ಸಾವಿರ. ಹೊಸದಾಗಿ ಏನೂ ಖರೀದಿಸದೆ, ಒಂದು ಕಂತೂ ತಪ್ಪಿಸದೆ ಹೀಗೇ ಕಟ್ಟುತ್ತ ಹೋದರೆ ಸಾಲ ಅರ್ಧಕ್ಕೆ ಬರಲು ಐದು ವರ್ಷ ನಾಲ್ಕು ತಿಂಗಳು. ಅಷ್ಟರಲ್ಲಿ ಕಟ್ಟಿದ್ದು 24 ಲಕ್ಷ. ಇನ್ನೂ ಐದು ಲಕ್ಷ ಬಾಕಿ! ಅದೇ ಕಾರಿಗೆ ಶೇ 9ರ ವಾಹನ ಸಾಲ ಮಾಡಿದ್ದರೆ ಐದು ವರ್ಷದಲ್ಲಿ ಹನ್ನೆರಡೂವರೆ ಲಕ್ಷಕ್ಕೆ ಋಣ ತೀರಿ ಹೋಗುತ್ತಿತ್ತು. ಕಾರ್ಡಿನ ಬಡ್ಡಿ ವರ್ಷಕ್ಕೆ ಶೇ 30 ಮೀರಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು.

ಪೂರ್ತಿ ಬಿಲ್ಲು ಗಡುವಿನೊಳಗೆ ಕಟ್ಟುವವನಿಗೆ ಬಡ್ಡಿಯೇ ಇಲ್ಲ, ನಿಜ. ಶೋರೂಮಿನವರು ಕಾರ್ಡಿನ ಖರ್ಚೆಂದು ಶೇ 2 ಕೇಳಿದರೆ ಇಪ್ಪತ್ತು ಸಾವಿರ ಹೋಗುತ್ತದೆ, ಅಷ್ಟೇ. ಆದರೆ ಆ ಸೌಲಭ್ಯ ತಿಂಗಳ ಸಂಬಳದವನಿಗೆ ಹೊಂದುವಂಥದ್ದು. ಹತ್ತಿಯವನ ಕೈಗೆ ದುಡ್ಡು ಬರುವುದು ವರ್ಷಕ್ಕೊಮ್ಮೆ. ಜೂನ್ ಕೊನೆಗೆ ಬಿತ್ತನೆ ಮುಗಿಸಿ ಕಾರ್ಡು ಉಜ್ಜಿದರೆ, ಹೆಚ್ಚೆಂದರೆ ಐವತ್ತು ದಿನದ ಬಡ್ಡಿರಹಿತ ಅವಧಿ ಆಗಸ್ಟ್‌ನಲ್ಲೇ ಮುಗಿಯುತ್ತದೆ. ಆಗ ಗಿಡದಲ್ಲಿ ಇನ್ನೂ ಹೂವು. ಕಿಸಾನ್ ಕಾರ್ಡಿನ ಸಾಲ ತೀರಿಸುವ ಗಡುವನ್ನು ಬೆಳೆಯ ಅವಧಿ ನೋಡಿ ಇಟ್ಟಿದ್ದಾರೆ. ಆ ಕಾರ್ಡಿನ ಮಿತಿ ಸಣ್ಣದೆಂಬ ಕೊರಗು ನ್ಯಾಯವೇ. ಆದರೂ ಆ ಗಡುವು ಒಂದು ದೊಡ್ಡ ಉಪಕಾರವೆಂದೇ ನಾನು ತಿಳಿದಿದ್ದೇನೆ.

ಈಗ ಹಳ್ಳಿಯ ಹುಡುಗರ ಫೋನಿಗೂ ದೊಡ್ಡ ಮಿತಿಯ ಕಾರ್ಡಿನ ಸಂದೇಶಗಳು ಬರುತ್ತಿವೆ. ಬರಲಿ. ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತ ಹೋದರೆ ಸಾಲ ವರ್ಷಗಟ್ಟಲೆ ಎಳೆಯುತ್ತದೆಂದು ಬಿಲ್ಲಿನಲ್ಲಿ ಎಚ್ಚರಿಸಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆ ಎಚ್ಚರಿಕೆಯನ್ನು ಅರಕೇರಾಕ್ಕೆ ಬರುವ ಬಿಲ್ಲಿನಲ್ಲಿ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಎಷ್ಟು ತಿಂಗಳು ಮತ್ತು ಒಟ್ಟು ಎಷ್ಟು ರೂಪಾಯಿ ಎಂಬ ಅಂಕಿ ಸಮೇತ ಮುದ್ರಿಸಬೇಕು.